ಕೆಂಗಲ್: ಕಟ್ಟಡಕ್ಕಿಂತ ದೊಡ್ಡ ಕೆಲಸ

ಕೆಂಗೇರಿ, ವಿಜಯನಗರದ ಕಡೆಯಿಂದ ನೇರಳೆ ಮಾರ್ಗದ ಮೆಟ್ರೊ ಹಿಡಿದು ವಿಧಾನಸೌಧದ ಬಳಿ ಇಳಿಯುವವರಿಗೆ ಕೆಂಗಲ್ ಹನುಮಂತಯ್ಯನವರು ನೆನಪಾಗುವುದು ಆ ಕಟ್ಟಡದಿಂದಲೇ. ಅದು ಸಹಜ. ಆದರೆ ಕಟ್ಟಡದ ಕೀರ್ತಿಯಲ್ಲಿ ಅವರ ರಾಜಕೀಯ ಬದುಕಿನ ಇನ್ನೂ ದೊಡ್ಡ ಕೆಲಸ ಮರೆಯಾಗಿಬಿಟ್ಟಿದೆ.

1908ರಲ್ಲಿ ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ ಹುಟ್ಟಿದ ಅವರು ವಕೀಲಿಕೆ ಓದಿದರು, ಸ್ವಾತಂತ್ರ್ಯ ಚಳವಳಿಗೆ ಇಳಿದು ಜೈಲು ಕಂಡರು, ಸಂವಿಧಾನ ರಚನಾ ಸಭೆಗೆ ಹೋದರು. ವೀಣೆ, ಸಿತಾರಿನ ನಾದ ಬಯಸಿದವರಿಗೆ ಇಂಗ್ಲಿಷ್ ಬ್ಯಾಂಡಿನ ಸದ್ದು ಸಿಕ್ಕಿದೆ ಎಂದು ಸಂವಿಧಾನದ ಬಗ್ಗೆ 1949ರಲ್ಲಿ ಅಲ್ಲಿ ಬೇಸರಪಟ್ಟವರು ಇವರೇ.

ಆ ಬೇಸರವೇ ಮುಂದೆ ಕಲ್ಲಾಯಿತು. ಮುಖ್ಯಮಂತ್ರಿ ಕೆ.ಸಿ. ರೆಡ್ಡಿಯವರ ಕಾಲದಲ್ಲಿ, 1951ರ ಜುಲೈನಲ್ಲಿ, ನೆಹರೂ ವಿಧಾನಸೌಧಕ್ಕೆ ಅಡಿಗಲ್ಲು ಹಾಕಿದಾಗ ಇದ್ದದ್ದು ಸರಳ ನಕ್ಷೆ. ಮರುವರ್ಷ ಮುಖ್ಯಮಂತ್ರಿಯಾದ ಹನುಮಂತಯ್ಯ ಅದನ್ನು ಹಿಗ್ಗಿಸಿ, ದ್ರಾವಿಡ ಶೈಲಿಗೆ ತಿರುಗಿಸಿದರು. ಪೂರ್ವದ ಮೆಟ್ಟಿಲುಗಳ ಬುಡದಲ್ಲಿ ನಿಂತು 40 ಅಡಿ ಎತ್ತರದ ಗ್ರಾನೈಟ್ ಕಂಬಗಳನ್ನು ಕತ್ತೆತ್ತಿ ನೋಡಿದರೆ ಅವರ ಹಟದ ಅಳತೆ ಸಿಗುತ್ತದೆ. ಅಲ್ಲಿ ದುಡಿದವರಲ್ಲಿ ಕೈದಿಗಳೂ ಇದ್ದರು ಎಂಬುದನ್ನು ಮಾತ್ರ ಹೊಗಳುವವರು ಹೇಳುವುದು ಕಡಿಮೆ. ಖರ್ಚಿನ ಬಗ್ಗೆ ದೂರುಗಳು ಎದ್ದವು, ವಿಚಾರಣೆಯೂ ನಡೆಯಿತು.

ಕಲ್ಲುಕೆಲಸಕ್ಕೆ ತೋರಿದ ತಾಳ್ಮೆಯನ್ನು ಅವರು ಸ್ವಂತ ಪಕ್ಷದ ಶಾಸಕರಿಗೆ ತೋರಲಿಲ್ಲ. ನಾಯಕನಾಗಿ ಅವರ ದೊಡ್ಡ ಕೊರತೆ ಇದೇ. 1956ರ ಆಗಸ್ಟ್‌ನಲ್ಲಿ ಅವರನ್ನು ಕೆಳಗಿಳಿಸಿದ್ದು ವಿರೋಧ ಪಕ್ಷವಲ್ಲ, ಕಾಂಗ್ರೆಸ್ಸಿಗರೇ.

ಆ ಪತನಕ್ಕೆ ಕನ್ನಡ ನಾಡಿನ ಏಕೀಕರಣದ ಪ್ರಶ್ನೆಯೂ ಕಾರಣ. ಉತ್ತರದ ಜಿಲ್ಲೆಗಳು ಸೇರಿದರೆ ಹಳೇ ಮೈಸೂರಿನ ಹಿಡಿತ ಸಡಿಲವಾಗುತ್ತದೆ, ಒಕ್ಕಲಿಗರ ಬಲ ಕುಗ್ಗಿ ಲಿಂಗಾಯತರ ಕೈ ಮೇಲಾಗುತ್ತದೆ ಎಂಬ ಲೆಕ್ಕಾಚಾರ ಆಗ ಬಲವಾಗಿತ್ತು. ಸ್ವತಃ ಒಕ್ಕಲಿಗರಾದ, ಹಳೇ ಮೈಸೂರಿನ ಮತಗಳಿಂದಲೇ ಗೆದ್ದು ಬಂದ ಹನುಮಂತಯ್ಯ ಆ ಲೆಕ್ಕಕ್ಕೆ ಮಣಿಯದೆ ಕನ್ನಡಿಗರೆಲ್ಲ ಒಂದಾಗಬೇಕೆಂದರು. ತಮ್ಮ ಕುರ್ಚಿಗೇ ಸಂಚಕಾರವೆಂದು ತಿಳಿದೂ ಒಂದು ನಿಲುವಿಗೆ ಅಂಟಿಕೊಂಡ ಮುಖ್ಯಮಂತ್ರಿಗಳು ನಮ್ಮಲ್ಲಿ ಎಷ್ಟು ಮಂದಿ?

ನವೆಂಬರ್ 1ರಂದು ಹೊಸ ರಾಜ್ಯ ಉದಯಿಸಿದಾಗ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ. ಹನುಮಂತಯ್ಯ ಆಮೇಲೆ ಬೆಂಗಳೂರಿನಿಂದ ಲೋಕಸಭೆಗೆ ಹೋದರು, ಆಡಳಿತ ಸುಧಾರಣಾ ಆಯೋಗ ನಡೆಸಿದರು, ರೈಲ್ವೆ ಮಂತ್ರಿಯಾದರು. ದೆಹಲಿಯ ಆ ಯಾವ ಹುದ್ದೆಯೂ 1956ರ ಆ ನಿಲುವಿನ ತೂಕಕ್ಕೆ ಬರುವುದಿಲ್ಲ.