ಮತ್ಸ್ಯವಿನೋದ

ನಮ್ಮ ಮನೆಗೆ ಮೂವತ್ತು ವರ್ಷಗಳಿಂದ ಬಳಕೆಯುಳ್ಳ ಸ್ನೇಹಿತರೊಬ್ಬರು ಕಳೆದ ಬೇಸಗೆಯಲ್ಲಿ ನನ್ನ ಮೊಮ್ಮಕ್ಕಳಿಬ್ಬರನ್ನು ಕನಕಪುರದ ರಸ್ತೆಯಾಚೆಯ ತಮ್ಮ ಊರಿನ ಕೆರೆಗೆ ಕರೆದುಕೊಂಡು ಹೋದರು. ಹುಡುಗನಿಗೆ ಒಂಬತ್ತು ವರ್ಷ, ಹುಡುಗಿಗೆ ಏಳು. ಕೆರೆಯನ್ನು ನೋಡಿಕೊಂಡು ಬರುವರೆಂದಷ್ಟೆ ನಾನು ತಿಳಿದಿದ್ದೆನು. ಸಂಜೆ ಜಯನಗರದ ನಮ್ಮ ಮನೆಗೆ ಮರಳಿದಾಗ ಅವರ ಕೈಯಲ್ಲಿ ಬಿದಿರುಕಡ್ಡಿ, ಬಟ್ಟೆಯಲ್ಲಿ ಕೆಸರು, ಮಾತಿನಲ್ಲೆಲ್ಲ ಗಾಳ, ಬೆಂಡು, ಎರೆಹುಳು, ಜಿಲೇಬಿ ಮೀನು. ಸಣ್ಣ ಮೀನುಗಳನ್ನು ಒದ್ದೆ ಕೈಯಿಂದ ಹಿಡಿದು ನೀರಿಗೆ ಬಿಡಬೇಕೆಂದೂ, ಸಾರಿಗೆ ಬೇಕಾದ ಎರಡನ್ನು ಮಾತ್ರ ಇಟ್ಟುಕೊಂಡರೆಂದೂ ಹುಡುಗನು ಬಣ್ಣಿಸಿದನು. ಹುಡುಗಿಯು ಮಾತ್ರ ನನ್ನ ಬಳಿ ಬಂದು, “ತಾತ, ಮೀನಿಗೆ ನೋಯುತ್ತದೆಯೆ?” ಎಂದು ಕೇಳಿದಳು.

ನಾನು ಅವಳಿಗೆ ಉತ್ತರ ಹೇಳಲಿಲ್ಲ; ಸ್ನೇಹಿತರ ಮೇಲೆ ಸಿಟ್ಟಾದೆನು. ಅವರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದರು. ಎರಡು ತಿಂಗಳು ಈ ಕಡೆ ಸುಳಿಯಲಿಲ್ಲ. ನನ್ನ ಸಿಟ್ಟಿಗೆ ಶಾಸ್ತ್ರದ ಆಧಾರವುಂಟೆಂದು ತೋರಿಸಬೇಕೆಂಬ ಹಟದಿಂದ ಪುಸ್ತಕಗಳನ್ನು ತೆಗೆದೆನು. ಹಾಗೆ ಓದಿದುದರ ಫಲ ಈ ಲೇಖನ.

ನಮ್ಮ ನಾಡಿನಲ್ಲಿ ಗಾಳದ ಮೀನುಬೇಟೆಯನ್ನು ಕುರಿತು ಬಹು ಹಿಂದೆಯೇ ಒಂದು ಪೂರ್ತಿ ಅಧ್ಯಾಯವನ್ನು ಬರೆದವನು ಬೆಸ್ತನಲ್ಲ, ಚಕ್ರವರ್ತಿ. ಕಲ್ಯಾಣದ ಚಾಳುಕ್ಯರಲ್ಲಿ ಆರನೆಯ ವಿಕ್ರಮಾದಿತ್ಯನ ಮಗನಾದ ಭೂಲೋಕಮಲ್ಲ ಮೂರನೆಯ ಸೋಮೇಶ್ವರನು 1130 ರ ಸುಮಾರಿನಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಐದು ವಿಂಶತಿಗಳ, ನೂರು ಅಧ್ಯಾಯಗಳ ಸಂಸ್ಕೃತ ಗ್ರಂಥ. ‘ಅಭಿಲಷಿತಾರ್ಥಚಿಂತಾಮಣಿ’ಯೆಂಬುದು ಇದಕ್ಕೇ ಇನ್ನೊಂದು ಹೆಸರು. ಬರೋಡೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಇದು 1925 ರಿಂದ 1961 ರ ವರೆಗೆ ಮೂರು ಸಂಪುಟಗಳಾಗಿ ಹೊರಬಂದಿದೆ. ನಾಲ್ಕನೆಯದಾದ ವಿನೋದವಿಂಶತಿಯಲ್ಲಿ, ಗಿಡುಗನ ಬೇಟೆಗೂ ಮೃಗಯೆಗೂ ನಡುವೆ, ಮತ್ಸ್ಯವಿನೋದವು ಬರುತ್ತದೆ. ಮಂಗಳೂರು ಸೀಮೆಯಲ್ಲಿ ಕಲೆಕ್ಟರನಾಗಿದ್ದ ಥಾಮಸ್ ಎಂಬಾತನು 1873 ರಲ್ಲಿ ಇಂಡಿಯಾ ದೇಶದ ಗಾಳದ ಬೇಟೆಯ ಮೇಲೆ ಬರೆದ ಆಂಗ್ಲ ಗ್ರಂಥವನ್ನು ಬೇಟೆಗಾರರು ಈಗಲೂ ಕೊಂಡಾಡುವುದುಂಟು. ಅದಕ್ಕೆ ಏಳು ನೂರು ವರ್ಷ ಹಿಂದಿನ ನಮ್ಮವನನ್ನು ನೆನೆಯುವವರು ವಿರಳ.

ಈ ಅಧ್ಯಾಯದ ಗುಣವನ್ನು ಮೊದಲು ಹೇಳಬೇಕು. ಪಾಠಶಾಲೆಯಲ್ಲಿ ನಾವು ಅಮರಕೋಶದ ವಾರಿವರ್ಗವನ್ನು ಬಾಯಿಪಾಠ ಮಾಡಿದೆವು. ರೋಹಿತ, ಪಾಠೀನ, ಶಫರೀ ಎಂದು ಒಪ್ಪಿಸಿದೆವು. ಗಾಳಕ್ಕೆ ಬಡಿಶವೆಂಬ ಹೆಸರನ್ನೂ ಕಲಿತೆವು. ಆದರೆ ರೋಹಿತವು ಹೇಗಿರುವುದೆಂದು ಗುರುಗಳೂ ತೋರಿಸಲಿಲ್ಲ, ನಾವೂ ಕೇಳಲಿಲ್ಲ. ನಾನು ಉಪಾಧ್ಯಾಯನಾದ ಮೇಲೆ ನನ್ನ ವಿದ್ಯಾರ್ಥಿಗಳಿಗೂ ಅದೇ ಗತಿಯಾಯಿತು. ಸೋಮೇಶ್ವರನಾದರೋ ಕಂಡು ಬರೆದವನು. ಸಮುದ್ರದ ಮೀನು, ಹೊಳೆಯ ಮೀನು ಎಂದೂ, ಹುರುಪೆಯುಳ್ಳವು, ಇಲ್ಲದವು ಎಂದೂ, ದೊಡ್ಡವು, ನಡುವಣವು, ಸಣ್ಣವು ಎಂದೂ ವಿಂಗಡಿಸುತ್ತಾನೆ. ಕೋಶದಲ್ಲಿ ಹುಡುಕಿದರೂ ಸಿಕ್ಕದ ಹೆಸರುಗಳು ಅನೇಕ ಬರುತ್ತವೆ. ಯಾವ ಮೀನಿಗೆ ಯಾವ ಆಹಾರ, ಕೋಲು ಹೇಗಿರಬೇಕು, ದಾರ ಹೇಗಿರಬೇಕು, ಸಿಕ್ಕಿದ ಮೀನು ಎಳೆದಾಗ ದಾರವನ್ನು ಸಡಿಲಿಸಿ ಅದು ದಣಿದ ಮೇಲೆ ಹೇಗೆ ಸೆಳೆಯಬೇಕು ಎಂಬುದೆಲ್ಲ ಇದೆ. ಪ್ರಾಣಿಶಾಸ್ತ್ರಜ್ಞರಾದ ಸುಂದರಲಾಲ ಹೋರಾ ಅವರು 1951 ರಲ್ಲಿ ಈ ಅಧ್ಯಾಯವನ್ನು ವಿದ್ವಾಂಸರ ಗಮನಕ್ಕೆ ತಂದುದು ಸುಮ್ಮನೆ ಅಲ್ಲ. ನಮ್ಮ ಕವಿಗಳು ಮೀನನ್ನು ಕಣ್ಣಿಗೆ ಹೋಲಿಸಿ ಕೈತೊಳೆದುಕೊಂಡರು. ಇವನು ಮೀನಿನ ಬಾಯನ್ನೂ ಹೊಟ್ಟೆಯನ್ನೂ ನೋಡಿದನು.

ಆದರೆ ದೋಷವೊಂದಿದೆ, ಅದು ಸಣ್ಣದಲ್ಲ. ಬೇಟೆಗೆ ಮುಂಚೆ ಕೆಲವು ದಿನಗಳ ಕಾಲ ನೀರಿನ ಒಂದೆಡೆಯಲ್ಲಿ ಎಳ್ಳಿನ ಹಿಟ್ಟು, ಮುದ್ದೆ ಮೊದಲಾದುವನ್ನು ಹಾಕಿ ಮೀನುಗಳನ್ನು ಅಲ್ಲಿಗೆ ಒಗ್ಗಿಸಬೇಕೆಂದು ಗ್ರಂಥದಲ್ಲಿದೆ. ಶೃಂಗೇರಿಗೆ ಹೋದವರೆಲ್ಲ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿರುತ್ತಾರೆ. ನನ್ನ ಮೊಮ್ಮಕ್ಕಳೂ ಹಾಕಿದ್ದಾರೆ. ಉಣಿಸುವ ಕೈ ಒಂದೇ ಬಗೆಯದು. ಅಲ್ಲಿ ಮರುದಿನವೂ ಉಣಿಸು ಬೀಳುವುದು, ಇಲ್ಲಿ ಗಾಳ ಬೀಳುವುದು. ಇದನ್ನು ವಿಶ್ವಾಸಘಾತವೆನ್ನದೆ ಏನೆನ್ನೋಣ? ಅರಸನಿಗೆ ಹಸಿವಿಲ್ಲ. ಅನ್ನಭೋಗದ ಅಧ್ಯಾಯದಲ್ಲಿ ಮೀನಿನ ಅಡಿಗೆಯನ್ನೂ ಅವನು ಹೇಳಿರುವನೆಂಬುದು ನಿಜ. ಆದರೆ ಇಲ್ಲಿ ಮೀನು ಎಳೆಯುವುದೇ ಅವನಿಗೆ ಸೊಗಸು. ಅದು ಏಕೆ ಎಳೆಯುವುದೆಂಬ ಪ್ರಶ್ನೆಯು ಅಷ್ಟು ತಿಳಿದವನಿಗೂ ಹೊಳೆಯಲಿಲ್ಲ.

ಆ ಪ್ರಶ್ನೆ ಹೊಳೆದುದು ಜನ್ನನಿಗೆ. ‘ಯಶೋಧರ ಚರಿತೆ’ಯ ಕಾಲ 1209, ಮಾನಸೋಲ್ಲಾಸಕ್ಕೆ ಎಂಬತ್ತು ವರ್ಷಗಳಾಗುವಷ್ಟರಲ್ಲಿ ಅದೇ ಕನ್ನಡನಾಡಿನಲ್ಲಿ ಹುಟ್ಟಿದ ಕಾವ್ಯ. ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಪಾಪದಿಂದ ಯಶೋಧರನು ನವಿಲು ಮೊದಲಾದ ಜನ್ಮಗಳನ್ನು ತಾಳಿ, ಸಿಪ್ರಾನದಿಯಲ್ಲಿ ಮೀನಾಗಿ ಹುಟ್ಟುತ್ತಾನೆ. ಬಲೆಗೆ ಬಿದ್ದ ಆ ಮೀನನ್ನು ಅವನ ಅರಮನೆಯಲ್ಲಿಯೇ ಅಡಿಗೆಮಾಡಿ, ಸತ್ತ ಅರಸನ ಸದ್ಗತಿಗಾಗಿ ವಿಪ್ರರಿಗೆ ಬಡಿಸುತ್ತಾರೆ. ಮಗನು ತಂದೆಯ ಹೆಸರಿನಲ್ಲಿ ತಂದೆಯನ್ನೇ ಉಣಬಡಿಸುವ ಈ ಸನ್ನಿವೇಶಕ್ಕಿಂತ ಕಠೋರವಾದುದನ್ನು ನಾನು ಓದಿಲ್ಲ. ಕಾವ್ಯದ ಹದವಿರುವುದು ಕಥೆಯನ್ನು ಹೇಳುವ ಬಾಯಲ್ಲಿ. ಬಲಿಗೆಂದು ಹಿಡಿದು ತಂದ ಅಭಯರುಚಿ, ಅಭಯಮತಿ ಎಂಬ ಅವಳಿ ಮಕ್ಕಳಲ್ಲಿ ಅಣ್ಣನು ಮಾರಿದತ್ತ ರಾಜನಿಗೆ ತನ್ನ ಹಿಂದಿನ ಭವಗಳನ್ನು ಹೇಳುತ್ತಾನೆ. ಎಂದರೆ, ಮೀನಾಗಿದ್ದವನೇ ಮಾತನಾಡುತ್ತಾನೆ; ಅವನೂ ಎಳೆಯ ಹುಡುಗನೇ. ಮಾನಸೋಲ್ಲಾಸದಲ್ಲಿ ನಾವು ದಂಡೆಯ ಮೇಲೆ ನಿಂತಿರುತ್ತೇವೆ, ಇಲ್ಲಿ ನೀರೊಳಗೆ. ಶಾಸ್ತ್ರದೃಷ್ಟಿಯಿಂದ ನೋಡಿದರೆ ಜನ್ನನಿಗೆ ಮೀನಿನ ವಿಷಯವಾಗಿ ಸೋಮೇಶ್ವರನ ಕಾಲುಭಾಗದಷ್ಟೂ ತಿಳಿದಂತೆ ತೋರುವುದಿಲ್ಲ.

ಇಷ್ಟನ್ನು ಬರೆದು, ಸ್ನೇಹಿತರ ಮೇಲೆ ನಾನು ಗೆದ್ದೆನೆಂದು ಲೇಖನಿಯನ್ನು ಕೆಳಗಿಡಬಹುದಾಗಿತ್ತು. ಶಾಕುಂತಲದ ಆರನೆಯ ಅಂಕವು ಅಡ್ಡಬಂದಿತು. ರೋಹಿತದ ಹೊಟ್ಟೆಯಲ್ಲಿ ಉಂಗುರವನ್ನು ಕಂಡ ಬೆಸ್ತನನ್ನು ಅರಸನ ಮೈದುನನು, ನಿನ್ನ ಕಸಬು ಬಹಳ ಪರಿಶುದ್ಧವಾದುದೆಂದು ಹಾಸ್ಯಮಾಡುತ್ತಾನೆ. ಹುಟ್ಟಿನೊಡನೆ ಬಂದ ಕೆಲಸವನ್ನು ಬಿಡಬಾರದು, ಯಜ್ಞದಲ್ಲಿ ಪಶುವನ್ನು ಕೊಲ್ಲುವ ಶ್ರೋತ್ರಿಯನೂ ದಯೆಯಿಂದ ಮೃದುವಾದವನೇ ಅಲ್ಲವೆ ಎಂದು ಆ ಬೆಸ್ತನ ಉತ್ತರ. ಕೈಕಟ್ಟಿ ನಿಂತವನ ಬಾಯಲ್ಲಿ ಕಾಳಿದಾಸನು ಇದನ್ನಿಟ್ಟಿರುವುದನ್ನು ಮೂವತ್ತು ವರ್ಷ ತರಗತಿಯಲ್ಲಿ ಹಾಸ್ಯವೆಂದು ಪಾಠಹೇಳಿ ಮುಂದೆ ಸಾಗಿದ್ದೆನು. ಈ ಸಲ ಸಾಗಲಾಗಲಿಲ್ಲ. ಆ ಮೈದುನನ ಮಾತು ನನ್ನದಾಗಿತ್ತು.

ನಾನು ಸಿಟ್ಟಾದುದು ಯಾವುದಕ್ಕೆ? ಮೀನಿಗೆ ನೋವಾಯಿತೆಂದೆ? ಅಲ್ಲ. ನನ್ನ ಮೊಮ್ಮಕ್ಕಳು ಮೀನನ್ನು ಮುಟ್ಟಿ ಒಳಗೆ ಬಂದರೆಂದು. ಜನ್ನನ ಹಿಟ್ಟಿನ ಕೋಳಿಯು ಕಲಿಸುವುದು ಸಂಕಲ್ಪವನ್ನು ನೋಡೆಂದು. ಸಂಕಲ್ಪವನ್ನು ನೋಡಿದರೆ, ಉಣ್ಣುವುದಕ್ಕೆ ಎರಡು ಮೀನನ್ನು ಹಿಡಿದು ಮಿಕ್ಕವನ್ನು ಒದ್ದೆ ಕೈಯಿಂದ ಬಿಟ್ಟ ನನ್ನ ಸ್ನೇಹಿತರು ಸೋಮೇಶ್ವರನಿಗಿಂತ ಮೇಲು. ಮೊದಲು ಸಿಕ್ಕಿದ ಮೀನನ್ನು ಬಿಡುವೆನೆಂದು ವ್ರತ ಹಿಡಿದು, ಅದೇ ಮೀನು ಮತ್ತೆ ಮತ್ತೆ ಬಲೆಗೆ ಬೀಳಲು ಬರಿಗೈಯಲ್ಲಿ ಮನೆಗೆ ಹೋದ ಮೃಗಸೇನನೆಂಬ ಬೆಸ್ತನ ಕಥೆಯನ್ನು ಸೋಮದೇವಸೂರಿಯು ‘ಯಶಸ್ತಿಲಕ’ದಲ್ಲಿ ಹೇಳಿದ್ದಾನೆ. ಅದು ಬರೆದುದು 959 ರಲ್ಲಿ. ಅಹಿಂಸೆಯನ್ನು ಜೈನರಷ್ಟು ಕಟ್ಟುನಿಟ್ಟಾಗಿ ಹಿಡಿದವರೂ ಬೆಸ್ತನಿಗೆ ಒಂದು ಮೀನಿನಷ್ಟು ವ್ರತವನ್ನು ಕೊಟ್ಟು ಕಾದರು. ನಾನು ಕಾಫಿ ಮುಗಿಯುವವರೆಗೂ ಕಾಯಲಿಲ್ಲ.

ಕಳೆದ ಭಾನುವಾರ ಮಾನಸೋಲ್ಲಾಸದ ಸಂಪುಟವನ್ನು ಚೀಲದಲ್ಲಿಟ್ಟುಕೊಂಡು, ಹುಡುಗಿಯ ಕೈಹಿಡಿದು, ಬನಶಂಕರಿಯ ಎರಡನೆಯ ಹಂತದಲ್ಲಿರುವ ಅವರ ಮನೆಗೆ ಹೋದೆನು. “ಬನ್ನಿ ಮೇಷ್ಟ್ರೆ” ಎಂದರು; ಬೇರೆ ಏನೂ ಅನ್ನಲಿಲ್ಲ. ಅಧ್ಯಾಯವನ್ನು ಓದಿ ಕನ್ನಡದಲ್ಲಿ ಅರ್ಥ ಹೇಳಿದೆನು. ಎಳ್ಳಿನ ಹಿಟ್ಟನ್ನು ಹಾಕುವ ಭಾಗ ಬಂದಾಗ ಅವರು ನಕ್ಕು, “ನಮ್ಮಪ್ಪನೂ ಹಿಂಡಿ ಹಾಕುತ್ತಿದ್ದರು, ಮೇಷ್ಟ್ರೆ. ಅದೇ ಜಾಗ, ಅದೇ ಹೊತ್ತು” ಎಂದರು. ವಿಶ್ವಾಸಘಾತವೆಂಬ ನನ್ನ ಟೀಕೆಯನ್ನೂ ಹೇಳಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇರಬಹುದು” ಎಂದರು.

ಹುಡುಗಿಯು ತನ್ನ ಹಳೆಯ ಪ್ರಶ್ನೆಯನ್ನು ಅವರಿಗೂ ಹಾಕಿದಳು. “ನೋಯುತ್ತೆ ಮಗು” ಎಂದು ಅವರು ತಡಮಾಡದೆ ಹೇಳಿದರು.

ಮುಂದಿನ ವಾರ ಹುಡುಗನು ಅವರೊಡನೆ ಕೆರೆಗೆ ಹೋಗುವನು. ಹುಡುಗಿಯು ಒಲ್ಲೆನೆಂದಿದ್ದಾಳೆ, ಅಭಯಮತಿಯ ಕಥೆಯು ಅರ್ಧಕ್ಕೆ ನಿಂತಿದೆ, ಅದನ್ನು ಮುಗಿಸಬೇಕಂತೆ.