ನಾಲಗೆ ಕಂಡ ವಿಷ, ನಾಲಗೆ ಕಾಣದ ವಿಷ

ಚೀನೀ ಸಾಂಪ್ರದಾಯಿಕ ವೈದ್ಯದ ವಿಷಮೂಲಿಕೆಗಳಲ್ಲಿ ಫೂಜಿಯಷ್ಟು ಹೆಸರಾದದ್ದು ಇನ್ನೊಂದಿಲ್ಲ. ಅಕೋನಿಟಮ್ ಕಾರ್ಮಿಕೇಲಿ ಎಂಬ ಗಿಡದ ತಾಯಿಗಡ್ಡೆಗೆ ಚುವಾನ್‌ವು ಎಂದೂ ಅದರ ಪಕ್ಕದಲ್ಲಿ ಮೂಡುವ ಮರಿಗಡ್ಡೆಗೆ ಫೂಜಿ ಎಂದೂ ಹೆಸರು. ಸಿಚುವಾನ್ ಪ್ರಾಂತ್ಯದ ಜಿಯಾಂಗ್‌ಯೂ ಇದರ ಬೆಳೆಗೆ ಪ್ರಸಿದ್ಧ. ಆಯುರ್ವೇದದ ವತ್ಸನಾಭಿ ಇದೇ ಕುಲದ ಇನ್ನೊಂದು ಗಿಡ. ಹಸಿ ಗಡ್ಡೆಯಲ್ಲಿ ಅಕೋನಿಟೀನ್, ಮೆಸಕೋನಿಟೀನ್, ಹೈಪಕೋನಿಟೀನ್ ಎಂಬ ಆಲ್ಕಲಾಯ್ಡ್‌ಗಳಿವೆ. ಸುಮಾರು 2 ಮಿಲಿಗ್ರಾಂ ಅಕೋನಿಟೀನ್ ಒಬ್ಬ ವಯಸ್ಕನ ಜೀವ ತೆಗೆಯಬಲ್ಲದು. ಇಂಥದ್ದನ್ನು ಮದ್ದಾಗಿಸುವ ಸಂಸ್ಕರಣ ವಿಧಾನಗಳಿಗೆ ಒಟ್ಟಾಗಿ ಪಾವ್‌ಝಿ ಎನ್ನುತ್ತಾರೆ. ಆಯುರ್ವೇದದ ಶೋಧನೆಗೆ ಇದು ಹತ್ತಿರದ್ದು.

ಈ ಗಡ್ಡೆ ವಿಷವೆಂಬುದು ಚೀನೀಯರಿಗೆ ಹಿಂದಿನಿಂದಲೂ ಗೊತ್ತಿತ್ತು. ಕ್ರಿ.ಪೂ. 71ರಲ್ಲಿ ಹಾನ್ ವಂಶದ ಸಾಮ್ರಾಜ್ಞಿ ಶೂ ಪಿಂಗ್‌ಜುನ್ ಬಾಣಂತಿಯಾಗಿದ್ದಾಗ ಆಕೆಯ ಮದ್ದಿಗೆ ಫೂಜಿ ಬೆರೆಸಿ ಕೊಂದದ್ದನ್ನು ಆ ವಂಶದ ಚರಿತ್ರೆಯೇ ದಾಖಲಿಸಿದೆ. 365 ಔಷಧಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿದ ಶೆನ್‌ನೊಂಗ್ ಬೆನ್‌ತ್ಸಾವೊ ಜಿಂಗ್ ಫೂಜಿಯನ್ನು ಕೆಳದರ್ಜೆಯಲ್ಲಿ ಇಟ್ಟಿತು. ರೋಗ ಹೊಡೆದೋಡಿಸಲು ಬೇಕಾದವು, ಆದರೆ ಬಹುಕಾಲ ಸೇವಿಸಬಾರದವು ಆ ದರ್ಜೆಯವು. ಕ್ರಿ.ಶ. 200ರ ಸುಮಾರಿನ ಜಾಂಗ್ ಜೊಂಗ್‌ಜಿಂಗ್ ಅವರ ಶಾಂಗ್‌ಹಾನ್ ಲುನ್ ಗ್ರಂಥದಲ್ಲಿ ಕೈಕಾಲು ತಣ್ಣಗಾಗಿ ಜೀವ ಕುಸಿಯುತ್ತಿರುವ ರೋಗಿಗೆ ಸಿನಿ ತಾಂಗ್ ಕಷಾಯವನ್ನು ಹೇಳಿದೆ. ಅದರಲ್ಲಿರುವುದು ಫೂಜಿ, ಒಣಶುಂಠಿ, ಜ್ಯೇಷ್ಠಮಧು. ಅಲ್ಲಿ ಹೇಳಿರುವುದು ಹಸಿ ಫೂಜಿಯನ್ನೇ ಎಂಬುದು ಗಮನಿಸತಕ್ಕದ್ದು. ಈಗ ಸಾಮಾನ್ಯವಾಗಿ ಸಂಸ್ಕರಿಸಿದ್ದನ್ನು ಮಾತ್ರ ಹಾಕುತ್ತಾರೆ. ಹಾಗಾಗಿ ಪರಂಪರೆಯ ಸುರಕ್ಷತೆ ಎನ್ನುವುದು ಒಂದೇ ಕಾಲದ, ಒಂದೇ ಪಾಠದ ಮಾತಲ್ಲ.

ಅಕೋನಿಟೀನ್ ನರ ಮತ್ತು ಹೃದಯದ ಜೀವಕೋಶಗಳಲ್ಲಿರುವ ಸೋಡಿಯಂ ದ್ವಾರಗಳಿಗೆ ಅಂಟಿಕೊಂಡು ಅವು ಮುಚ್ಚದಂತೆ ಮಾಡುತ್ತದೆ. ಮೊದಲು ತುಟಿ, ನಾಲಗೆ ಜುಮ್ಮೆನ್ನುತ್ತವೆ. ಆಮೇಲೆ ವಾಂತಿ, ಕೈಕಾಲುಗಳ ನಿಶ್ಶಕ್ತಿ, ರಕ್ತದೊತ್ತಡದ ಕುಸಿತ. ಕೊನೆಗೆ ಹೃದಯದ ಬಡಿತ ಲಯ ತಪ್ಪಿ ಸಾವು ಬರಬಹುದು. ಇದಕ್ಕೆ ಪ್ರತ್ಯೇಕ ಪ್ರತಿವಿಷವಿಲ್ಲ. ಆಸ್ಪತ್ರೆಯಲ್ಲಿ ಬಡಿತವನ್ನು ಹತೋಟಿಗೆ ತರುವುದೊಂದೇ ದಾರಿ.

ಪಾವ್‌ಝಿಯ ಕೆಲಸ ನಿಧಾನದ್ದು. ಕಪ್ಪು ಫೂಜಿ ಬಿಲ್ಲೆಗಳಿಗಾದರೆ, ಮಣ್ಣು ತೊಳೆದ ಗಡ್ಡೆಗಳನ್ನು ಉಪ್ಪಳದಲ್ಲಿ ಉಪ್ಪು ತೆಗೆದ ಮೇಲೆ ಉಳಿಯುವ ಕಹಿನೀರಿನಲ್ಲಿ ಹಲವು ದಿನ ನೆನೆಹಾಕುತ್ತಾರೆ. ಅದೇ ನೀರಿನೊಂದಿಗೆ ಒಳಗಿನ ತಿರುಳಿನವರೆಗೆ ಬೇಯಿಸಿ, ತೊಳೆದು, ಉದ್ದುದ್ದಕ್ಕೆ ಅರ್ಧ ಸೆಂಟಿಮೀಟರ್ ದಪ್ಪದ ಬಿಲ್ಲೆಗಳಾಗಿ ಕತ್ತರಿಸುತ್ತಾರೆ. ಮತ್ತೆ ನೀರಿನಲ್ಲಿಟ್ಟು, ಕಡುಚಹಾದ ಬಣ್ಣ ಕಟ್ಟಿಸಿ, ಎಣ್ಣೆಯ ಹೊಳಪು ಬರುವವರೆಗೆ ಹಬೆಯಲ್ಲಿ ಬೇಯಿಸಿ ಒಣಗಿಸುತ್ತಾರೆ. ಚುವಾನ್‌ವು ಗಡ್ಡೆಯನ್ನು ನೆನೆಸಿದ ಮೇಲೆ 4ರಿಂದ 6 ಗಂಟೆ ಕುದಿಸಬೇಕು. ದೊಡ್ಡ ಗಡ್ಡೆಯೊಂದನ್ನು ಕೊಯ್ದರೆ ನಡುವೆ ಬಿಳಿ ತಿರುಳು ಕಾಣಬಾರದು. ಚೂರನ್ನು ಬಾಯಿಗಿಟ್ಟರೆ ನಾಲಗೆ ತುಸುವಷ್ಟೇ ಜುಮ್ಮೆನ್ನಬೇಕು. ಈ ನಾಲಗೆಯ ಪರೀಕ್ಷೆ ಚೀನಾದ ಇಂದಿನ ಅಧಿಕೃತ ಔಷಧಕೋಶದಲ್ಲೂ ಉಳಿದುಕೊಂಡಿದೆ.

ರಸಾಯನಶಾಸ್ತ್ರದ ಕಣ್ಣಿನಿಂದ ನೋಡಿದರೆ ಈ ವಿಧಾನದಲ್ಲಿ ಮೂಢನಂಬಿಕೆಯೇನೂ ಇಲ್ಲ. ನೀರಿನಲ್ಲಿ ಕುದಿಸಿದಾಗ ಅಕೋನಿಟೀನ್ ಅಣುವಿನಿಂದ ಮೊದಲು ಅಸಿಟೈಲ್ ಗುಂಪು ಕಳಚಿ ಬೆಂಜೋಯ್ಲ್‌ಅಕೋನೀನ್ ಆಗುತ್ತದೆ. ಬೆಂಜೋಯ್ಲ್ ಗುಂಪೂ ಹೋದರೆ ಅಕೋನೀನ್ ಉಳಿಯುತ್ತದೆ. ಮೊದಲನೆಯದರ ವಿಷ ಮೂಲಕ್ಕಿಂತ ನೂರಾರು ಪಟ್ಟು, ಎರಡನೆಯದರದು ಸಾವಿರಾರು ಪಟ್ಟು ಕಡಿಮೆ. ಅಣುವಿನ ಹೆಸರೂ ತಿಳಿಯದ ಕಾಲದಲ್ಲಿ ಬರಿಯ ಅನುಭವದಿಂದ ಇಲ್ಲಿಗೆ ತಲುಪಿದ್ದು ಸಣ್ಣ ಸಾಧನೆಯಲ್ಲ.

ಲೋಪಗಳೂ ಇಲ್ಲಿಂದಲೇ ಶುರುವಾಗುತ್ತವೆ. ಔಷಧಕೋಶದ ಪ್ರಕಾರ ಸಂಸ್ಕರಿಸಿದ ಫೂಜಿಯಲ್ಲಿ ಈ ಮೂರು ಆಲ್ಕಲಾಯ್ಡ್‌ಗಳ ಒಟ್ಟು ಪ್ರಮಾಣ ಶೇ. 0.020 ಮೀರಬಾರದು, ದಿನದ ಪ್ರಮಾಣ 3ರಿಂದ 15 ಗ್ರಾಂ. ಎರಡರ ಮೇಲ್ಮಿತಿಯನ್ನೂ ಹಿಡಿದು ಲೆಕ್ಕ ಹಾಕಿದರೆ 15 ಗ್ರಾಂ ಬಿಲ್ಲೆಗಳಲ್ಲಿ 3 ಮಿಲಿಗ್ರಾಂ ವಿಷ ಇರಬಹುದು. ಅಂದರೆ ಕಾನೂನಿನ ಮಿತಿಯೊಳಗಿನ ಸರಕೂ ತಾನಾಗಿಯೇ ನಿರಪಾಯವಲ್ಲ. ಉಳಿದ ಮದ್ದುಗಳಿಗಿಂತ ಮೊದಲೇ ಫೂಜಿಯನ್ನು ಒಲೆಗಿಟ್ಟು ಬಹಳ ಹೊತ್ತು ಕುದಿಸಬೇಕೆಂಬ ನಿಯಮ ಇರುವುದು ಇದಕ್ಕೇ. ಸುರಕ್ಷತೆಯ ಕೊನೆಯ ಹೆಜ್ಜೆ ಹೀಗೆ ರೋಗಿಯ ಮನೆಯ ಒಲೆಯ ಮೇಲೆ ಬೀಳುತ್ತದೆ. ಅಲ್ಲಿ ಗಡಿಯಾರ ನೋಡುವವರು ಯಾರೂ ಇರುವುದಿಲ್ಲ. ಇನ್ನೊಂದು ತೊಡಕೂ ಇದೆ. ಪದೇಪದೇ ನೆನೆಸಿ ತೊಳೆಯುವಾಗ ವಿಷದೊಂದಿಗೆ ಮದ್ದಿನ ಅಂಶವೂ ನೀರುಪಾಲಾಗುತ್ತದೆ. ಒಂದು ಕಾರ್ಖಾನೆಯ ಬಿಲ್ಲೆ ಸಪ್ಪೆ, ಇನ್ನೊಂದರದು ತೀಕ್ಷ್ಣ. ಹುವೊಷೆನ್ ಪಂಥದ ವೈದ್ಯರು 15 ಗ್ರಾಂ ಮಿತಿಯನ್ನು ಬಹುದೂರ ದಾಟಿ ಬರೆದುಕೊಡುತ್ತಾರೆ. ಸಪ್ಪೆ ಸರಕಿಗೆ ಒಗ್ಗಿದ ಪ್ರಮಾಣವನ್ನೇ ತೀಕ್ಷ್ಣ ಸರಕಿಗೂ ಹಿಡಿದರೆ ಆಗುವ ಅನಾಹುತ ಊಹಿಸಬಹುದಾದದ್ದೇ.

ವೈದ್ಯರ ಕೈದಾಟಿದ ಬಳಕೆ ಇನ್ನೂ ಅಪಾಯಕಾರಿ. ಯುನ್ನಾನ್‌ನಲ್ಲಿ ಚಳಿಗಾಲಕ್ಕೆ ತ್ಸಾವೊವು ಎಂಬ ಕಾಡುಜಾತಿಯ ಗಡ್ಡೆಯನ್ನು ಮಾಂಸದೊಂದಿಗೆ ಬೇಯಿಸಿ ತಿನ್ನುವ ರೂಢಿಯಿದೆ. ಬೇಯುವುದು ಸಾಲದೆ ಹೋದಾಗ ಊಟಕ್ಕೆ ಕೂತವರೆಲ್ಲ ಆಸ್ಪತ್ರೆ ಸೇರಿದ ಪ್ರಸಂಗಗಳು ಮತ್ತೆ ಮತ್ತೆ ವರದಿಯಾಗಿವೆ. ಕೀಲುನೋವಿಗೆಂದು ಇದೇ ಗಡ್ಡೆಯನ್ನು ಮದ್ಯದಲ್ಲಿ ನೆನೆಹಾಕುವುದು ಅದಕ್ಕಿಂತ ಕೆಟ್ಟದ್ದು. ಮದ್ಯ ಆಲ್ಕಲಾಯ್ಡ್‌ಗಳನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ, ಅವನ್ನು ಒಡೆಯುವ ಕುದಿತವಂತೂ ಅಲ್ಲಿಲ್ಲ.

ಎಲ್ಲ ವಿಷಕ್ಕೂ ಬೆಂಕಿಯೇ ಉತ್ತರವೂ ಅಲ್ಲ. ಕರ್ನಾಟಕದ ಕಾಡುಗಳಲ್ಲೂ ಬೆಳೆಯುವ ಕಾಸರಕದ ಬೀಜಕ್ಕೆ ಚೀನೀಯರಲ್ಲಿ ಮಾಚ್ಯೆನ್‌ಜಿ ಎಂದು ಹೆಸರು. ಬಿಸಿ ಮರಳಿನಲ್ಲಿ ಹುರಿದಾಗ ಅದರ ಸ್ಟ್ರಿಕ್ನೀನ್ ಒಂದಿಷ್ಟು ರೂಪ ಬದಲಿಸುತ್ತದೆಯಾದರೂ ಬಹುಪಾಲು ಹಾಗೆಯೇ ಉಳಿಯುತ್ತದೆ. ಇಲ್ಲಿ ಮದ್ದೂ ವಿಷವೂ ಒಂದೇ ಅಣು. ಅದಕ್ಕಾಗಿ ದಿನದ ಪ್ರಮಾಣವನ್ನೇ 0.3ರಿಂದ 0.6 ಗ್ರಾಂಗೆ ಕಟ್ಟಿಹಾಕಲಾಗಿದೆ. ಆಯುರ್ವೇದದಲ್ಲೂ ಇದೇ ಬೀಜವನ್ನು ಶೋಧಿಸಿಯೇ ಬಳಸಬೇಕು. ಎಫೆಡ್ರೀನ್ ಇರುವ ಮಾಹುವಾಂಗ್‌ನ ಕಥೆ ಬೇರೆ. ನೆಗಡಿ, ಉಬ್ಬಸಕ್ಕೆ ಕೆಲವೇ ದಿನ ಕೊಡುತ್ತಿದ್ದ ಈ ಗಿಡ ಅಮೆರಿಕದಲ್ಲಿ ತೂಕ ಇಳಿಸುವ ಮಾತ್ರೆಯಾಗಿ ಮಾರಾಟವಾಯಿತು. ಹೃದಯಾಘಾತ, ಪಾರ್ಶ್ವವಾಯುವಿನ ದೂರುಗಳ ನಂತರ 2004ರಲ್ಲಿ ಅಲ್ಲಿನ ಎಫ್‌ಡಿಎ ಅದನ್ನು ಪೂರಕ ಆಹಾರಗಳಲ್ಲಿ ನಿಷೇಧಿಸಿತು. ಆ ತಪ್ಪನ್ನು ಗಿಡದ ಮೇಲಾಗಲಿ ಪರಂಪರೆಯ ಮೇಲಾಗಲಿ ಹೊರಿಸುವಂತಿಲ್ಲ.

ಪರಂಪರೆ ನಿಜವಾಗಿ ಸೋತದ್ದು ನಿಧಾನವಿಷಗಳ ಎದುರು. ಗೈನುರ ಕುಲದ ತುಸಾನ್‌ಚಿ ಎಂಬ ಗಿಡವನ್ನು ರಕ್ತ ಹೆಪ್ಪುಗಟ್ಟಿದ್ದಕ್ಕೆ, ಪೆಟ್ಟು ಬಿದ್ದದ್ದಕ್ಕೆ ಮನೆಮದ್ದಾಗಿ ಬಳಸುತ್ತಾರೆ. ಸಾನ್‌ಚಿ ಎಂಬ ಹೆಸರಾಂತ ಮೂಲಿಕೆಯೆಂದು ತಪ್ಪಾಗಿ ತಿಳಿದು ತಿನ್ನುವವರೂ ಇದ್ದಾರೆ. ಅದರ ಪೈರೊಲಿಝಿಡೀನ್ ಆಲ್ಕಲಾಯ್ಡ್‌ಗಳು ಯಕೃತ್ತಿನ ಸೂಕ್ಷ್ಮ ರಕ್ತನಾಳಗಳನ್ನು ಕೆಡಿಸಿ ಮುಚ್ಚಿಬಿಡುತ್ತವೆ. ನಾಲಗೆ ಜುಮ್ಮೆನ್ನುವುದಿಲ್ಲ, ಅಂದೇ ವಾಂತಿಯಾಗುವುದಿಲ್ಲ. ವಾರಗಳೋ ತಿಂಗಳುಗಳೋ ಕಳೆದು ಹೊಟ್ಟೆಯಲ್ಲಿ ನೀರು ತುಂಬಿದಾಗ ರೋಗಿ ಆಸ್ಪತ್ರೆಗೆ ಬರುತ್ತಾನೆ. ಹಿಂದೆ ಕುಡಿದ ಕಷಾಯಕ್ಕೂ ಈಗಿನ ಕಾಯಿಲೆಗೂ ನಂಟು ಹಚ್ಚುವವರು ಯಾರು? ಆಲ್ಕಲಾಯ್ಡ್ ಅಲ್ಲದಿದ್ದರೂ ಅರಿಸ್ಟೊಲೋಕಿಕ್ ಆಮ್ಲದ್ದೂ ಇದೇ ಬಗೆ. 1990ರ ದಶಕದಲ್ಲಿ ಆ ಆಮ್ಲವಿರುವ ಗಿಡಗಳನ್ನು ಸೇವಿಸಿದ ಬೆಲ್ಜಿಯಂನ ನೂರಕ್ಕೂ ಹೆಚ್ಚು ಮಹಿಳೆಯರ ಮೂತ್ರಪಿಂಡ ಕೆಟ್ಟ ಮೇಲೆಯೇ ಅವುಗಳ ಕೇಡು ಲೋಕಕ್ಕೆ ತಿಳಿದದ್ದು. ತಲೆಮಾರುಗಳ ಅನುಭವವೇ ಪ್ರಮಾಣ ಎನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ. ತಿಂದ ಕೂಡಲೇ ಕೆಡುಕು ತೋರುವ ವಿಷದಿಂದ ಅನುಭವ ಪಾಠ ಕಲಿಯಿತು, ತಡವಾಗಿ ತೋರುವ ವಿಷದಿಂದ ಕಲಿಯಲಾಗಲಿಲ್ಲ.

ಗುಣದ ಪಕ್ಕವನ್ನೂ ತೂಗಬೇಕು. ಫೂಜಿಯಿಂದ ಬೇರ್ಪಡಿಸಿದ ಹೈಜೆನಮೀನ್ ಹೃದಯದ ಬಡಿತವನ್ನು ಚುರುಕುಗೊಳಿಸುತ್ತದೆ; ಕ್ರೀಡಾಪಟುಗಳಿಗೆ ಅದು ನಿಷಿದ್ಧ ಪದಾರ್ಥ. ಆದರೆ ರೋಗಿಗಳಲ್ಲಿ ಫೂಜಿಯ ಪ್ರಯೋಜನವನ್ನು ಸಾರುವ ಪರೀಕ್ಷೆಗಳಲ್ಲಿ ಗಟ್ಟಿಯಾದವು ಕಡಿಮೆ. ಅದರ ಹಾನಿಯ ಪುರಾವೆಗೆ ಇರುವ ಬಿಗಿ ಗುಣದ ಪುರಾವೆಗೆ ಇನ್ನೂ ಬಂದಿಲ್ಲ.

ಚೀನಾ ಸರ್ಕಾರ 1988ರಲ್ಲಿ 28 ಪಾರಂಪರಿಕ ಔಷಧಗಳನ್ನು ವಿಷಪಟ್ಟಿಗೆ ಸೇರಿಸಿತು. ಹಸಿ ಫೂಜಿ, ಹಸಿ ಚುವಾನ್‌ವು, ಹಸಿ ಮಾಚ್ಯೆನ್‌ಜಿ ಅದರಲ್ಲಿವೆ. ಹಾಂಗ್‌ಕಾಂಗ್‌ನಲ್ಲೂ ಅಂಥದ್ದೇ 31 ಮೂಲಿಕೆಗಳ ಪಟ್ಟಿಯಿದೆ. ಅಂಗಡಿಯ ಮಾರಾಟಕ್ಕೆ ಇದು ಕಡಿವಾಣ, ಅಡುಗೆಮನೆಗೂ ಮದ್ಯದ ಜಾಡಿಗೂ ಅಲ್ಲ. ಒಟ್ಟಿನಲ್ಲಿ, ತೀವ್ರವಿಷವನ್ನು ಪಳಗಿಸುವ ಕುಶಲ ವಿಧಾನವೆಂದು ಪಾವ್‌ಝಿಯನ್ನು ಒಪ್ಪಬಹುದು. ಸುರಕ್ಷತೆಯ ಖಾತರಿಯೆಂದು ಒಪ್ಪಲಾಗದು. ಆ ಖಾತರಿ ಬರಬೇಕಾದದ್ದು ಪ್ರತಿ ತಂಡದ ಸರಕಿನ ಪ್ರಯೋಗಾಲಯ ಪರೀಕ್ಷೆಯಿಂದ, ತಯಾರಕನೇ ಕುದಿಸಿ ಅಳೆದುಕೊಡುವ ಕಷಾಯದಿಂದ, ಮದ್ದು ತೆಗೆದುಕೊಂಡವರನ್ನು ತಿಂಗಳುಗಟ್ಟಲೆ ಗಮನಿಸಿ ದಾಖಲಿಸುವ ವ್ಯವಸ್ಥೆಯಿಂದ. ಪೈರೊಲಿಝಿಡೀನ್ ಇರುವ ಗಿಡಗಳ ಮಟ್ಟಿಗೆ ಹೇಳುವುದಾದರೆ, ಅವನ್ನು ಹೊಟ್ಟೆಗೆ ತೆಗೆದುಕೊಳ್ಳದಿರುವುದೇ ಸರಿ.