ಜೋಡಿ ಪ್ರದರ್ಶನವೂ ಒಂದು ವಿಮರ್ಶೆ: ಮಾತೀಸ್ ಮತ್ತು ಪಿಕಾಸೊ

ಇಬ್ಬರು ಸಮಕಾಲೀನ ಚಿತ್ರಕಾರರ ಕೃತಿಗಳನ್ನು ಒಂದೇ ಗ್ಯಾಲರಿಯಲ್ಲಿ ಅಕ್ಕಪಕ್ಕದಲ್ಲಿ ತೂಗುಹಾಕುವುದು ಮೇಲುನೋಟಕ್ಕೆ ಕೇವಲ ವ್ಯವಸ್ಥೆಯ ಕೆಲಸವೆಂದು ತೋರುತ್ತದೆ. ವಾಸ್ತವವಾಗಿ ಅದು ವಿಮರ್ಶೆಯೇ. ಯಾವ ಚಿತ್ರದ ಪಕ್ಕದಲ್ಲಿ ಯಾವುದಿರಬೇಕೆಂದು ನಿಶ್ಚಯಿಸಿದೊಡನೆ ಹೋಲಿಕೆಯ ಮಾನದಂಡವೂ ನಿಶ್ಚಿತವಾಗಿರುತ್ತದೆ. ಪಂಪ–ರನ್ನ, ಹರಿಹರ–ರಾಘವಾಂಕ ಎಂದು ಕವಿಗಳನ್ನು ಜೋಡಿಯಾಗಿಯೇ ಓದುವ ಅಭ್ಯಾಸ ನಮ್ಮದು. ಹೊರನಾಡಿನ ವಿಶ್ವವಿದ್ಯಾಲಯಗಳಲ್ಲಿ ತೌಲನಿಕ ಅಧ್ಯಯನದ ಚೌಕಟ್ಟಿನೊಳಗೆ ಕನ್ನಡವನ್ನು ಬೋಧಿಸುವವರಿಗಂತೂ ಈ ವಿಧಾನದ ಇತಿಮಿತಿಗಳನ್ನು ಅರಿಯುವುದು ಅತ್ಯಗತ್ಯ. ಆಂರಿ ಮಾತೀಸ್ (1869–1954) ಮತ್ತು ಪಾಬ್ಲೊ ಪಿಕಾಸೊ (1881–1973) ಇವರನ್ನು ಜೊತೆಗೂಡಿಸಿದ ಮೂರು ಪ್ರದರ್ಶನಗಳನ್ನು ಈ ದೃಷ್ಟಿಯಿಂದ ಇಲ್ಲಿ ಪರಿಶೀಲಿಸುತ್ತೇವೆ.

ಮೊದಲನೆಯದು, ಮಹಾಯುದ್ಧದ ನಡುವೆ 1918ರ ಜನವರಿ–ಫೆಬ್ರವರಿಯಲ್ಲಿ ಕಲಾವ್ಯಾಪಾರಿ ಪೋಲ್ ಗಿಯೋಮ್ ಪ್ಯಾರಿಸ್ಸಿನ ತನ್ನ ಗ್ಯಾಲರಿಯಲ್ಲಿ ಏರ್ಪಡಿಸಿದ್ದು. ಅದರ ಕ್ಯಾಟಲಾಗಿಗೆ ಬರೆದವನು ಕವಿ ಅಪೊಲಿನೇರ್. ಮಾತೀಸನ ಕಲೆಯನ್ನು ಅವನು ಬೆಳಕು ತುಂಬಿದ ಕಿತ್ತಳೆಹಣ್ಣಿಗೆ ಹೋಲಿಸಿದ. ಉಪಮೆ ಸೊಗಸಾಗಿದೆ. ಆದರೆ ಮಾತೀಸ್ ಬಣ್ಣಕ್ಕೂ ಇಂದ್ರಿಯಸುಖಕ್ಕೂ, ಪಿಕಾಸೊ ರೂಪಕ್ಕೂ ಚಿಂತನೆಗೂ ಪ್ರತಿನಿಧಿಯೆಂದು ಹಂಚಿಬಿಡುವ ರೂಢಿಗೆ ಇಂಥ ಉಪಮೆಗಳು ಪುಷ್ಟಿ ಕೊಡುತ್ತವೆ. ಒಬ್ಬನಿಗೆ ಸಲ್ಲಿಸಿದ ಗುಣವನ್ನು ಇನ್ನೊಬ್ಬನಲ್ಲಿ ಹುಡುಕುವ ಶ್ರಮವನ್ನೇ ನಾವು ಕೈಬಿಡುತ್ತೇವೆ.

ಎರಡನೆಯದು 1945ರ ಡಿಸೆಂಬರಿನಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂನಲ್ಲಿ ನಡೆಯಿತು. ಒಂದು ಕಡೆ ತನ್ನ ಚಿತ್ರಗಳು, ಇನ್ನೊಂದು ಕಡೆ ಪಿಕಾಸೊನವು ಎಂಬ ಕಲ್ಪನೆಯೇ ಮಾತೀಸನಿಗೆ ಮೊದಲಿನಿಂದಲೂ ಕಸಿವಿಸಿಯನ್ನುಂಟುಮಾಡಿತ್ತು. ಆತನ ಅಳುಕಿಗೆ ಕಾರಣವಿತ್ತು. ಮಾತೀಸನ ಭಾಗದಲ್ಲಿ ಸುಮಾರು ಅರ್ಧ ಶತಮಾನದ ಕೃತಿಗಳಿದ್ದವು. ಪಿಕಾಸೊನ ಭಾಗದಲ್ಲಿದ್ದವು ಯುದ್ಧಕಾಲದ ಕೃತಿಗಳು. ಪಿಕಾಸೊನ ವಿರೂಪಗೊಂಡ ಮುಖಗಳ ವಿರುದ್ಧ ಪತ್ರಿಕೆಗಳಲ್ಲಿ ಪ್ರತಿಭಟನೆಯ ಕಾಗದಗಳು ಪ್ರಕಟವಾದವು. ಅವುಗಳ ಎದುರಿನಲ್ಲಿ ಮಾತೀಸ್ ಸೌಮ್ಯನಾಗಿ ಕಂಡರೆ ಅದು ಆತನ ಸ್ವಭಾವಕ್ಕಿಂತ ಹೆಚ್ಚಾಗಿ ಆಯ್ಕೆಯ ಪರಿಣಾಮ. ಒಬ್ಬನ ಜೀವಮಾನವನ್ನು ಇನ್ನೊಬ್ಬನ ಕೆಲವೇ ವರ್ಷಗಳೊಡನೆ ತೂಗಿದಾಗ ತಕ್ಕಡಿ ನೇರವಾಗಿರಲಾರದು.

ಮೂರನೆಯದು 2002ರ ಮೇ ತಿಂಗಳಲ್ಲಿ ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ ಆರಂಭವಾಗಿ, ಪ್ಯಾರಿಸ್ಸಿನ ಗ್ರಾಂ ಪಾಲೆಯ ಮೂಲಕ 2003ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನ್ನು ಮುಟ್ಟಿತು. ಇಲ್ಲಿ ವಿಧಾನವೇ ಬದಲಾಯಿತು. ವ್ಯಕ್ತಿಗೆ ವ್ಯಕ್ತಿಯನ್ನು ಎದುರಾಗಿಸುವುದಕ್ಕಿಂತ ಕೃತಿಗೆ ಕೃತಿಯನ್ನು ಎದುರಾಗಿಸುವುದು ಇದರ ಕ್ರಮ. ಮಾತೀಸನ ‘ಹೊಂಬಣ್ಣದ ಮೀನುಗಳು ಮತ್ತು ಪ್ಯಾಲೆಟ್’ (1914) ಮತ್ತು ಪಿಕಾಸೊನ ‘ಹಾರ್ಲಕ್ವಿನ್’ (1915) ಇದಕ್ಕೆ ಉತ್ತಮ ನಿದರ್ಶನ. ಮಾತೀಸನ ಚಿತ್ರದ ನಡುವೆ ಕಪ್ಪು ಪಟ್ಟಿಯೊಂದು ನೇರವಾಗಿ ಇಳಿದಿದೆ. ಬಲಗಡೆ ಚಿತ್ರಕಾರನು ಕೆಲವು ಕೋನಗಳಿಗೂ ಒಂದು ಬಿಳಿಯ ಪ್ಯಾಲೆಟ್ಟಿಗೂ ಇಳಿದುಹೋಗಿದ್ದಾನೆ. ಪಿಕಾಸೊನ ವಿದೂಷಕನೂ ಓರೆಯಾದ ಚಪ್ಪಟೆ ಫಲಕಗಳಲ್ಲಿ ಅಡಗಿ, ಅಪೂರ್ಣವೆಂಬಂತೆ ತೋರುವ ಬಿಳಿಯ ಆಯತವೊಂದನ್ನು ಹಿಡಿದಿದ್ದಾನೆ. ತನ್ನ ಮೀನುಗಳಿಂದಲೇ ಈ ಚಿತ್ರ ಹುಟ್ಟಿತೆಂದು ಮಾತೀಸ್ ನಂಬಿದ್ದ. ಆದರೆ ಆ ಕೋನಗಳನ್ನು ಮಾತೀಸ್ ಕಲಿತದ್ದು ಪಿಕಾಸೊ ಮತ್ತು ಬ್ರಾಕ್ ಕಟ್ಟಿದ ಕ್ಯೂಬಿಸಂನಿಂದ. ಕೊಟ್ಟವನೇ ಬೇರೊಂದು ರೂಪದಲ್ಲಿ ಮರಳಿ ಪಡೆದುಕೊಂಡಿದ್ದಾನೆ. ಪ್ರಭಾವವು ಹಿರಿಯನಿಂದ ಕಿರಿಯನತ್ತ ಒಂದೇ ದಿಕ್ಕಿನಲ್ಲಿ ಹರಿಯುತ್ತದೆಂಬ ನಮ್ಮ ಸಾಹಿತ್ಯ ಚರಿತ್ರೆಗಳ ಗ್ರಹಿಕೆಯನ್ನು ಈ ಎರಡು ಚಿತ್ರಗಳ ಸಾಮೀಪ್ಯ ಪ್ರಶ್ನಿಸುತ್ತದೆ.

ಆದರೂ ಈ ಪ್ರದರ್ಶನದ ಕಲ್ಪನೆಯಲ್ಲಿಯೇ ಒಂದು ಕೊರತೆಯಿದೆ. ಜೋಡಿಯ ಚೌಕಟ್ಟು ಮೂರನೆಯವನನ್ನು ಹೊರಗಿಡುತ್ತದೆ. ಸೆಜಾನನ ‘ಮೂವರು ಸ್ನಾನಿಕೆಯರು’ ಚಿತ್ರವನ್ನು ಮಾತೀಸ್ 1899ರಲ್ಲಿಯೇ ಕೊಂಡು, 1936ರಲ್ಲಿ ದಾನಮಾಡುವವರೆಗೂ ತನ್ನಲ್ಲಿ ಇಟ್ಟುಕೊಂಡಿದ್ದ. ಪಿಕಾಸೊನಿಗೂ ಸೆಜಾನ್ ಗುರುಸಮಾನ. ಇಬ್ಬರ ಸಾಮ್ಯಕ್ಕೆ ಪರಸ್ಪರ ಪ್ರಭಾವವಲ್ಲದೆ ಸಮಾನ ಆಕರವೂ ಕಾರಣವಾಗಿರಬಹುದೆಂಬುದನ್ನು ಜೋಡಿ ಮರೆಸುತ್ತದೆ.

ಹರಿಹರ–ರಾಘವಾಂಕರ ವಿಷಯದಲ್ಲಿಯೂ ಇದೇ ಅಪಾಯವುಂಟು. ನರರನ್ನು ಕುರಿತು ಕಾವ್ಯ ಬರೆದ ಸೋದರಳಿಯನ ಮೇಲೆ ಮಾವ ಮುನಿದನೆಂಬ ಐತಿಹ್ಯ ನಮ್ಮ ಓದಿಗೆ ಎಷ್ಟು ಅಂಟಿಕೊಂಡಿದೆಯೆಂದರೆ, ರಗಳೆ ಮತ್ತು ಷಟ್ಪದಿಗಳನ್ನು ಆ ಮುನಿಸಿನ ಎರಡು ಬದಿಗಳೆಂಬಂತೆ ಕಾಣುವುದೂ ಉಂಟು. ಇಬ್ಬರಿಗೂ ಹಿಂದಿದ್ದ ವಚನ ಪರಂಪರೆ, ದೇಸಿ ಛಂದಸ್ಸು, ಹಾಡುವ ಮತ್ತು ಕೇಳುವ ಸಮುದಾಯ ಆಗ ಹಿನ್ನೆಲೆಗೆ ಸರಿಯುತ್ತವೆ.

ಆದುದರಿಂದ ಜೋಡಿಯನ್ನು ತ್ಯಜಿಸಬೇಕೆಂದು ನಾವು ಹೇಳುತ್ತಿಲ್ಲ. ವಿದ್ಯಾರ್ಥಿಗಳ ಮುಂದೆ ಇಬ್ಬರನ್ನು ಇಡುವಾಗ ಅವರ ಸಾಮಗ್ರಿ ಸಮತೂಕದ್ದೇ, ಹೋಲಿಕೆ ನಿಂತಿರುವುದು ಕೃತಿಯ ಮೇಲೋ ಐತಿಹ್ಯದ ಮೇಲೋ, ಹೊರಗುಳಿದ ಮೂರನೆಯವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. 1918ರ ಪ್ರದರ್ಶನ ಎರಡನೆಯ ಪ್ರಶ್ನೆಯನ್ನೂ, 1945ರದು ಮೊದಲನೆಯದನ್ನೂ, 2002ರದು ಮೂರನೆಯದನ್ನೂ ನಮಗೆ ಉಳಿಸಿಕೊಟ್ಟಿವೆ.